ಕೆಟಲ್ ಕ್ರೀಕಿನ ಮೂವತ್ತೊಂದು ಸಹಿ

ಹೋಬರ್ಟ್ ಕಾಂಪ್ಟನ್ ತನ್ನ ಜನ್ಮದಲ್ಲಿ ಜಂಬ ಕೊಚ್ಚಿಕೊಂಡದ್ದು ಒಂದೇ ಸಲ, ಅದೂ ಹಲ್ಲಿನ ಡಾಕ್ಟರ ಷಾಪಿನಲ್ಲಿ ಕೂತು. ಆ ಒಂದು ಸಲವೇ ಸಾಕಾಯಿತು.

ಡಿಸೆಂಬರಿನ ಮೊದಲ ವಾರ. ಡಾಕ್ಟರು ಮನೆಗೆ ಹೋದ ಮೇಲೆ ರೋಗಿಗಳು ಕಾಯುವ ಕೋಣೆಯಲ್ಲಿ ಏಳು ಜನ ಸೇರಿದ್ದರು. ಸೇರಿಸಿದವಳು ಮಾರ್ಲಾ ವಾಂಪ್ಲರ್. ಹಗಲೆಲ್ಲ ಅದೇ ಕೋಣೆಯ ಮೇಜಿನ ಹಿಂದೆ ಕೂತು ಬಂದವರ ಹೆಸರು ಬರೆದುಕೊಳ್ಳುವುದು ಅವಳ ಉದ್ಯೋಗ. ಸಂಜೆಯಾದರೆ ಗವರ್ನರ್ ಲಿಂಡ್‌ಕ್ವಿಸ್ಟರನ್ನು ದೇಶದ ಅಧ್ಯಕ್ಷರನ್ನಾಗಿ ಮಾಡುವುದು. ಪಕ್ಷದೊಳಗಿನ ಮೊದಲ ಸುತ್ತಿನ ಚುನಾವಣೆ ಮಾರ್ಚಿನಲ್ಲಿತ್ತು. ಆದರೆ ವರ್ಜೀನಿಯಾದ ಮತಪತ್ರದಲ್ಲಿ ಹೆಸರು ಅಚ್ಚಾಗಬೇಕಾದರೆ ರಾಜ್ಯದಲ್ಲೆಲ್ಲ ಸೇರಿ ಐದು ಸಾವಿರ ಮತದಾರರ ಸಹಿ ಬೇಕು, ಅದರಲ್ಲೂ ಹನ್ನೊಂದು ಕ್ಷೇತ್ರಗಳಲ್ಲಿ ಪ್ರತಿಯೊಂದರಿಂದಲೂ ಇನ್ನೂರಾದರೂ ಇರಬೇಕು. ಹತ್ತು ಕ್ಷೇತ್ರ ಭರ್ತಿಯಾಗಿದ್ದವು. ಬಾಕಿ ಇದ್ದದ್ದು ಬೆಟ್ಟಗಳ ಸಂದಿಯಲ್ಲಿರುವ ಈ ಮೂಲೆಯ ಒಂಬತ್ತನೆಯದು.

"ನೂರೈವತ್ತೆಂಟು ಇದೆ," ಎಂದಳು ಮಾರ್ಲಾ. "ಬರೋ ಗುರುವಾರ ಸಂಜೆ ಐದಕ್ಕೆ ರಾಜಧಾನಿ ರಿಚ್ಮಂಡಲ್ಲಿ ಚುನಾವಣೆ ಆಫೀಸಿನ ಬಾಗಿಲು ಹಾಕ್ತಾರೆ. ಇಲ್ಲಿ ಇನ್ನೂರಾಗಲಿಲ್ಲ ಅಂದ್ರೆ ಉಳಿದ ಹತ್ತು ಕಡೆಯ ಸಾವಿರಾರು ಸಹೀನೂ ಒಲೆಗೆ ಹಾಕಬೇಕು. ಯಾರು ಎಷ್ಟು ತರ್ತೀರಿ, ಹೇಳಿ."

ಎಲ್ಲರೂ ನೆಲ ನೋಡಿದರು. ಒಬ್ಬ ಐದು ಎಂದ. ಇನ್ನೊಬ್ಬಳು ನೋಡೋಣ ಎಂದಳು. ಹೋಬರ್ಟ್ ಸಾಮಾನ್ಯವಾಗಿ ಇಂಥ ಕಡೆ ಬಾಯಿ ಬಿಡುವವನಲ್ಲ. ಆದರೆ ಅವನು ನಿವೃತ್ತನಾದ ವರ್ಷವೇ ಅವನೂರಿನ ಪೋಸ್ಟ್ ಆಫೀಸು ಮುಚ್ಚಿತ್ತು. ಲಿಂಡ್‌ಕ್ವಿಸ್ಟ್ ತಮ್ಮ ರಾಜ್ಯದಲ್ಲಿ ಅಂಥ ನಲವತ್ತು ಸಣ್ಣ ಆಫೀಸು ಮುಚ್ಚದಂತೆ ತಡೆದಿದ್ದರೆಂದು ಕೇಳಿದಂದಿನಿಂದ ಅವನಿಗೆ ಆ ಮನುಷ್ಯನ ಮೇಲೆ ಬಹಳ ಅಭಿಮಾನ. ಆ ಅಭಿಮಾನವೇ ಬಾಯಿ ಬಿಡಿಸಿತು.

"ಐವತ್ತು ನಾನು ತರ್ತೀನಿ," ಎಂದ. "ಕೆಟಲ್ ಕ್ರೀಕ್ ರಸ್ತೇಲಿ ಮೂವತ್ಮೂರು ವರ್ಷ ಅಂಚೆ ಹಂಚಿದೀನಿ. ಅಲ್ಲಿ ನನ್ನ ಗೊತ್ತಿಲ್ಲದ ನಾಯೀನೂ ಇಲ್ಲ."

ಮಾರ್ಲಾ ಎದ್ದು ಬಂದು ಅವನ ಹಣೆಗೆ ಮುತ್ತು ಕೊಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ನಿಯಮ ಹೇಳಿದಳು. "ಸಹಿ ಹಾಕೋರು ನಿಮ್ಮ ಕಣ್ಣೆದುರಿಗೇ ಹಾಕಬೇಕು. ಗಂಡನದ್ದು ಹೆಂಡತಿ ಹಾಕೋ ಹಾಗಿಲ್ಲ. ಪಕ್ಕದಲ್ಲಿ ವಿಳಾಸ, ತಾರೀಖು. ಕೊನೇಲಿ ನೋಟರಿ ಮುಂದೆ ಕೈ ಎತ್ತಿ, ಪ್ರತಿಯೊಂದೂ ನಾನು ನೋಡಿದ್ದೇನೆ ಅಂತ ಪ್ರಮಾಣ ಮಾಡಬೇಕು." ಹೋಬರ್ಟ್ ತಲೆಯಾಡಿಸಿದ. ನಿಯಮ ಅವನಿಗೆ ಹೊಸದೇ? ರಿಜಿಸ್ಟರ್ಡ್ ಕಾಗದಕ್ಕೆ ಸಹಿ ತೆಗೆದುಕೊಂಡೇ ಮುದುಕನಾದವನು.

ಶನಿವಾರ ಬೆಂಕಿ ಆರಿಸುವವರ ಶೆಡ್ಡಿನಲ್ಲಿ ಊರವರಿಗೆಲ್ಲ ಪ್ಯಾನ್‌ಕೇಕ್ ಎಂಬ ಸಿಹಿ ದೋಸೆಯ ತಿಂಡಿ ಇತ್ತು. ಅಲ್ಲಿ ಹತ್ತೊಂಬತ್ತು ಸಹಿ ಬಿದ್ದವು. ಅರ್ಧ ಜನಕ್ಕೆ ಯಾರಿಗಾಗಿ ಹಾಕುತ್ತಿದ್ದೇವೆಂದೇ ಗೊತ್ತಿರಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು, ಸಿರಪ್ಪಿನ ಬೆರಳು ಪ್ಯಾಂಟಿಗೆ ಒರೆಸಿ ಬರೆದುಕೊಟ್ಟರು. ಭಾನುವಾರ ಹೆಂಡತಿ ಡೆಲ್ಫಾ ಬಿಡಲಿಲ್ಲ. "ದೇವರ ದಿನ ರಾಜಕೀಯ ಬೇಡ. ನಿಮ್ಮ ಗವರ್ನರ್ರು ಒಂದು ದಿನ ಕಾದ್ರೆ ಸವೆದು ಹೋಗಲ್ಲ," ಎಂದಳು. ಸೋಮವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಕೆಟಲ್ ಕ್ರೀಕಿಗೆ ಹೊರಟ.

ಮೊದಲ ಮನೆ ಗಾರ್ನೆಟ್ ಲೇನಳದು. ಅವಳ ಸಕ್ಕರೆ ಕಾಯಿಲೆಯ ಔಷಧಿ, ಮೊಮ್ಮಕ್ಕಳ ಫೋಟೋ, ತರಕಾರಿ ಬೀಜದ ಪೊಟ್ಟಣ ಎಲ್ಲವೂ ಬಂದದ್ದು ಇವನ ಕೈಯಿಂದ. ಬಾಗಿಲು ಸರಪಳಿಯಷ್ಟೇ ಅಗಲ ತೆರೆಯಿತು.

"ಏನೂ ಬೇಡಪ್ಪ, ನಾವೇನೂ ಕೊಳ್ಳಲ್ಲ."

"ಮಿಸ್ ಗಾರ್ನೆಟ್, ನಾನು ಹೋಬರ್ಟ್."

"ಯಾವ ಹೋಬರ್ಟು?"

"ಅಂಚೆ ಹೋಬರ್ಟು."

"ಅಂಚೆಗೆ ಬರೋದು ಆ ಟ್ವಿಲಾ ಹುಡುಗಿ. ಸುಳ್ಳು ಹೇಳಬೇಡಿ, ಮಗ ಹಿತ್ತಿಲಲ್ಲೇ ಇದಾನೆ."

"ಅವಳಿಗಿಂತ ಮುಂಚೆ, ತಾಯಿ. ಮೂವತ್ಮೂರು ವರ್ಷ. ಬಿಳಿ ಜೀಪು."

ಗಾರ್ನೆಟ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಓ ಜೀಪು! ಎಲ್ಲರ ಹಾಗೆ ಎಡಗಡೆ ಅಲ್ಲ, ಬಲಗಡೆ ಕೂತು ಓಡಿಸ್ಕೊಂಡು ಬರ್ತಿದ್ರಲ್ಲ, ಅವರಾ? ನಿಮ್ಮ ಕೈ ಚೆನ್ನಾಗಿ ಗೊತ್ತಪ್ಪ ನನಗೆ, ಕಿಟಕೀಲಿ ಆಚೆ ಬಂದು ರಸ್ತೆ ಪಕ್ಕದ ಅಂಚೆ ಡಬ್ಬಿ ಮುಚ್ಚಳ ತೆಗೀತಿತ್ತು. ಮುಖ ಯಾವತ್ತು ನೋಡಿದ್ದೆ? ನೋಡಿದ್ರೆ ಇಷ್ಟು ಬಕ್ಕ ಅಂತ ಗೊತ್ತಿರ್ತಿತ್ತು." ತನ್ನ ಮಾತಿಗೆ ತಾನೇ ನಕ್ಕಳು. "ಅದೇನು ಕಾಗದಾನೋ ಡಬ್ಬೀಲಿ ಹಾಕಿ ಹೋಗಿ. ಪುರಸೊತ್ತಾದಾಗ ನೋಡ್ತೀನಿ."

ಡಬ್ಬಿಯಲ್ಲಿ ಹಾಕಿ ಹೋಗುವಂತಿದ್ದರೆ ಅವನಿಗಿಂತ ಚೆನ್ನಾಗಿ ಮಾಡುವವರು ಯಾರಿದ್ದರು? ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಮೆಟ್ಟಿಲಿಳಿಯುವಾಗ ಕಿವಿ ಬಿಸಿಯಾಗಿತ್ತು. ಐವತ್ತು ತರ್ತೀನಿ ಎಂದ ತನ್ನದೇ ದನಿ ಕೇಳಿಸಿತು, ಆ ಚಪ್ಪಾಳೆಯೂ.

ಮುಂದಿನ ಮೂರು ಮನೆ ಬಿಟ್ಟು ಬರ್ಲ್ ಹ್ಯಾಮಂಡ್ಸ್‌ನ ಮನೆಗೆ ಹೋದ. ಬರ್ಲ್ ಮರ ಕೊಯ್ಯುವ ಗರಗಸಗಳನ್ನು ರಿಪೇರಿ ಮಾಡಿಕೊಡುವವನು. ಒರಟು ಮಾತಿನವನಾದರೂ ಗುರುತು ಹಿಡಿಯುವನೆಂಬ ಧೈರ್ಯವಿತ್ತು. ಹಿಡಿದ. ಹಿಡಿದದ್ದೇ ಕಷ್ಟವಾಯಿತು.

"ಹೋಬರ್ಟ್ ಕಾಂಪ್ಟನ್!" ಎಂದ ಬರ್ಲ್ ಎಣ್ಣೆಗೈ ಒರೆಸಿಕೊಳ್ಳುತ್ತಾ. "ಮೂವತ್ಮೂರು ವರ್ಷದಲ್ಲಿ ಈ ಬಾಗಿಲವರೆಗೆ ಒಂದ್ಸಲ ಬಂದೆಯೇನಯ್ಯಾ? ನನ್ನ ಹೆಂಡತಿ ಸತ್ತಾಗ ಊರೆಲ್ಲ ಕಾರ್ಡು ಕಳಿಸ್ತು. ನೀನು ಅದನ್ನ ಕಟ್ಟು ಕಟ್ಟಿ, ರಬ್ಬರು ಹಾಕಿ, ಡಬ್ಬೀಲಿ ತುರುಕಿ ಹೋದೆ. ಈಗ ನಿನಗೆ ಏನೋ ಬೇಕಾಯ್ತು, ಬಂದೆ. ಅಲ್ವಾ?"

ಅಷ್ಟು ಹೇಳಿ ಅವನು ಬೆನ್ನು ತಿರುಗಿಸಿ ಒಳಗೆ ಹೋದ.

ನಿಜವೇ. ಆ ಕಟ್ಟು ಹೋಬರ್ಟನಿಗೆ ನೆನಪಿತ್ತು, ದಿನಕ್ಕೆ ಹತ್ತು ಹನ್ನೆರಡು ಕಾರ್ಡು ಒಂದು ವಾರದವರೆಗೆ. ಬರ್ಲ್ ಆಗ ಜಗಲಿಯ ಮೇಲೆ ಒಬ್ಬನೇ ಕೂತಿರುತ್ತಿದ್ದ. ಇವನು ಕಿಟಕಿಯಿಂದ ಕೈ ಬೀಸಿ ಮುಂದೆ ಹೋಗಿದ್ದ. ಸಮಯಕ್ಕೆ ಸರಿಯಾಗಿ ಮುಗಿಸಬೇಕಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದು, ಆದರೆ ಅಷ್ಟು ದೂರ ನಡೆಯಲು ಎರಡು ನಿಮಿಷ ಬೇಕಿರಲಿಲ್ಲ. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವನು ಟ್ರಕ್ಕು ತಿರುಗಿಸಿಕೊಂಡು ಮನೆಗೆ ಬಂದುಬಿಟ್ಟ.

"ಎಷ್ಟಾಯ್ತ್ರೀ?" ಎಂದಳು ಡೆಲ್ಫಾ.

"ಆಗ್ತಿದೆ," ಎಂದ.

ಅಂದು ರಾತ್ರಿ ಮಳೆ ಬಿದ್ದು ಬಿದ್ದ ಹಾಗೇ ಮಂಜುಗಡ್ಡೆ ಕಟ್ಟಿತು. ಮಂಗಳವಾರ ರಸ್ತೆ ಕನ್ನಡಿಯಾಗಿತ್ತು. ಶಾಲೆಗೆ ರಜೆ, ಬ್ಯಾಂಕಿಗೆ ರಜೆ. ಹತ್ತು ಗಂಟೆಗೆ ಮಾರ್ಲಾಳ ಫೋನು. "ಹೋಬರ್ಟ್, ಉಳಿದೋರೆಲ್ಲ ಕೈ ಎತ್ತಿದ್ರು. ಒಬ್ಬರೂ ಒಂದು ಸಹಿ ತಂದಿಲ್ಲ. ನೀವೊಬ್ಬರೇ ನನಗೆ. ಐವತ್ತು ಆಗುತ್ತಲ್ಲ?"

ಆಗ ಹೇಳಬಹುದಿತ್ತು. ಹತ್ತೊಂಬತ್ತೇ ಆದದ್ದು, ಮಿಕ್ಕವರ ಬಾಗಿಲಿಗೆ ಹೋಗಲು ನನಗೆ ಮುಖವಿಲ್ಲ ಎಂದು ನಾಲ್ಕು ಮಾತು ಹೇಳಿ ಮುಗಿಸಬಹುದಿತ್ತು. ಗಂಡಸಿನ ಜಂಬ ಎಂಬುದೊಂದಿದೆಯಲ್ಲ, ಅದಕ್ಕೆ ಎಪ್ಪತ್ತು ವರ್ಷವಾದರೂ ಹಲ್ಲು ಉದುರುವುದಿಲ್ಲ. "ಐವತ್ತು ಅಂದ್ರೆ ಐವತ್ತು," ಎಂದುಬಿಟ್ಟ.

ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಕೂತ. ಮೂರು ಬಗೆಯ ಪೆನ್ನು ಇಟ್ಟುಕೊಂಡ. ಕೆಲವು ಹೆಸರನ್ನು ಎಡಗೈಯಲ್ಲಿ ಬರೆದ, ಕೆಲವನ್ನು ನಡುಗಿಸಿ ಬರೆದ. ವಿಳಾಸ ಯಾರನ್ನೂ ಕೇಳಬೇಕಿರಲಿಲ್ಲ, ಎಲ್ಲವೂ ಬಾಯಿಪಾಠ. ಪ್ರತಿಯೊಂದರ ಮುಂದೆ ಅಂದಿನ ತಾರೀಖನ್ನೇ ಹಾಕಿದ. ಅಂದಿನ ಕಾಗದಕ್ಕೆ ಅಂದಿನದೇ ಮೊಹರು ಎಂದು ಜೀವಮಾನವೆಲ್ಲ ಕಲಿತ ಕೈ, ಬೇರೆ ತಾರೀಖು ಹಾಕಲು ಅದಕ್ಕೆ ತೋಚಲಿಲ್ಲ.

"ಕ್ರಿಸ್‌ಮಸ್ ಕಾರ್ಡಾ?" ಎಂದಳು ಡೆಲ್ಫಾ ಕಾಫಿ ಇಡುತ್ತಾ.

"ಹ್ಞೂಂ," ಎಂದ.

"ನಮ್ಮಕ್ಕನಿಗೆ ಮರೀಬೇಡಿ. ಹೋದ ವರ್ಷ ಮರೆತಿದ್ದಕ್ಕೆ ಈಸ್ಟರ್‌ವರೆಗೂ ಮುಖ ಊದಿಸ್ಕೊಂಡಿದ್ಲು."

ಮೂವತ್ತೊಂದು ಹೆಸರು ಮುಗಿದಾಗ ಅವನಿಗೆ ಅಸಹ್ಯಕ್ಕಿಂತ ಮೊದಲು ಬಂದದ್ದು ನೆಮ್ಮದಿ. ಇದನ್ನು ನಾಚಿಕೆಯಿಂದ ಹೇಳಬೇಕು, ಆದರೆ ನಿಜ. ಅಸಹ್ಯ ಬುಧವಾರ ಬೆಳಿಗ್ಗೆ ಬಂತು, ವಿಮೆ ಆಫೀಸಿನ ನೋಟರಿ "ಪ್ರತಿಯೊಂದೂ ನಿಮ್ಮ ಕಣ್ಣೆದುರಿಗೇ ಹಾಕಿದ್ದಾ?" ಎಂದು ಕೇಳಿ, ಇವನು ಬಲಗೈ ಎತ್ತಿದಾಗ. ಗಾರ್ನೆಟ್ ಲೇನಳಿಗೆ ಗೊತ್ತಿದ್ದ ಕೈ ಅದೇ.

ಮಾರ್ಲಾ ಹಾಳೆಗಳನ್ನು ಎಣಿಸಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಇನ್ನೂರೆಂಟು! ಆ ಗಡ್ಡೆ ಕಟ್ಟಿದ ರಸ್ತೇಲಿ ಮೂವತ್ತೊಂದು ಮನೆ! ಹೋಬರ್ಟ್, ನಿಮ್ಮಂಥೋರು ಇನ್ನೊಬ್ಬರಿದ್ದಿದ್ರೆ ನಾನು ಆರು ತಿಂಗಳು ಹೀಗೆ ಒದ್ದಾಡ್ತಿರಲಿಲ್ಲ. ಸಂಜೆ ಆರಕ್ಕೆ ಎಲ್ಲರೂ ಬರ್ತಾರೆ, ಕೇಕ್ ತರ್ತೀನಿ. ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಕಾರು ರಿಚ್ಮಂಡಿಗೆ." ಇವನು ಕೆಮ್ಮಿದ.

ಮಧ್ಯಾಹ್ನ ಎರಡೂವರೆಗೆ ಟ್ವಿಲಾ ಅವನ ಮನೆ ಬಾಗಿಲಿಗೆ ಬಂದಳು. ಇವನು ನಿವೃತ್ತನಾದ ಮೇಲೆ ಕೆಟಲ್ ಕ್ರೀಕಿನ ಅಂಚೆ ಹಿಡಿದವಳು ಅವಳೇ. ಕೆಲಸ ಕಲಿಸಿದವನು ಇವನೇ. ಹಲ್ಲು ತುಂಬಿಸಿಕೊಂಡು ನೇರವಾಗಿ ಬಂದಿದ್ದಳು. ಸೂಜಿಮದ್ದಿಗೆ ಅರ್ಧ ಬಾಯಿ ಜೋಮು ಹಿಡಿದು ಮಾತು ಒಂದು ಕಡೆಗೆ ಜಾರುತ್ತಿತ್ತು. ಒಳಗೆ ಬಾ ಎಂದರೆ ಬರಲಿಲ್ಲ.

"ಮಿಸ್ಟರ್ ಹೋಬರ್ಟ್, ಮಾರ್ಲಾ ಕುಣೀತಾ ನಿಮ್ಮ ಹಾಳೆ ತೋರಿಸಿದ್ಲು," ಎಂದಳು. "ನಿನ್ನೆ ನಾನು ಸೇತುವೆಯಿಂದಲೇ ವಾಪಸ್ ಬಂದೆ. ಕೆಟಲ್ ಕ್ರೀಕಿಗೆ ನಿನ್ನೆ ಅಂಚೇನೇ ಹೋಗಿಲ್ಲ."

ಹೋಬರ್ಟ್ ಹೊರಗೆ ಬಂದು ಬಾಗಿಲು ಎಳೆದುಕೊಂಡ.

"ಕ್ಲೀಟಸ್ ಬೇಕರ್ ಅಕ್ಟೋಬರಿಂದ ಟೆನೆಸೀಲಿ ಮಗಳ ಮನೇಲಿದಾರೆ. ಅವರ ಕಾಗದಾನ ನಾನೇ ದಿನಾ ಅಲ್ಲಿಗೆ ತಿರುಗಿಸ್ತಿದೀನಿ. ಹೋಗ್ಲಿ ಅದು. ಸಾಲು ನೋಡಿದೆ. ಬರ್ಲ್ ಆದ್ಮೇಲೆ ರೋಸ್, ರೋಸ್ ಆದ್ಮೇಲೆ ಬೇಕರ್, ಆಮೇಲೆ ವಿಧವೆ ಶಾರ್ಪ್. ಕೊನೆಯ ಆ ಮೂರು ಮನೆ ಮೂರು ಕಣಿವೇಲಿವೆ, ಒಂದಕ್ಕೊಂದು ಎರಡು ಮೈಲಿ. ಡಬ್ಬಿಗಳು ಮಾತ್ರ ಒಂದೇ ಹಲಗೆ ಮೇಲೆ ಅಕ್ಕಪಕ್ಕ. ಬಾಗಿಲು ತಟ್ಟಿಕೊಂಡು ಹೋದೋರು ಯಾರೂ ಆ ಸಾಲಲ್ಲಿ ಹೋಗಲ್ಲ. ಆ ಸಾಲು ಇರೋದು ಅಂಚೆ ವಿಂಗಡಿಸೋ ಗೂಡಲ್ಲಿ. ಕಣ್ಣು ಮುಚ್ಚಿದ್ರೂ ಬರೋ ಹಾಗೆ ಕಲಿ ಅಂತ ನನಗೆ ಬಾಯಿಪಾಠ ಮಾಡಿಸಿದ್ದು ನೀವೇ."

ಮುಖ ಎಲ್ಲಿಡಬೇಕೆಂದು ಹೋಬರ್ಟನಿಗೆ ತಿಳಿಯಲಿಲ್ಲ. ಬಾಗಿಲ ಹಿಡಿ ನೋಡಿದ, ಅವಳ ಬೂಟು ನೋಡಿದ.

"ನಾನು ಯಾರಿಗೂ ಹೇಳಲ್ಲ," ಎಂದಳು ಅವಳು. ಜೊಲ್ಲು ಸುರಿಯದಂತೆ ತೋಳಿನಿಂದ ಒರೆಸಿಕೊಂಡಳು, ಕಣ್ಣು ತುಂಬಿತ್ತು. "ಆದ್ರೆ ವಾಪಸ್ ತಗೊಳ್ಳಿ. ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ಜೈಲು. ಅದಕ್ಕಿಂತ, ನಾನು ನಿಮ್ಮ ಬಗ್ಗೆ ಎಲ್ಲರ ಹತ್ರ ಎಷ್ಟು ಹೇಳಿದೀನಿ ಗೊತ್ತಾ?"

ಹದಿನೈದು ನಿಮಿಷದಲ್ಲಿ ಅವನು ಮಾರ್ಲಾಳ ಮೇಜಿನ ಮುಂದಿದ್ದ. ತಾರೀಖು ತಪ್ಪಾಗಿದೆ, ಆ ಹಾಳೆಗಳನ್ನು ಕೊಡು, ಹೊಸದರಲ್ಲಿ ಮತ್ತೆ ಹಾಕಿಸಿಕೊಂಡು ಆರಕ್ಕೆ ತರುತ್ತೇನೆ ಎಂದ. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು. ಅದು ಎಷ್ಟು ಸುಲಭವಾಗಿ ಬಂತೆಂದರೆ ಅವನಿಗೇ ಭಯವಾಯಿತು. ಮಾರ್ಲಾ ಗಾಬರಿಯಾದಳು, ಆದರೆ ಕೊಟ್ಟಳು. "ಒಂದ್ಸಲ ಹಾಕಿದೋರು ಇನ್ನೊಂದ್ಸಲ ಹಾಕಲ್ವಾ? ಓಡಿ, ಐದಕ್ಕೆಲ್ಲ ಕತ್ತಲಾಗುತ್ತೆ."

ಈ ಸಲ ಮೊದಲು ಬರ್ಲ್‌ನ ಮನೆಗೇ ಹೋದ. ಗಡ್ಡೆ ಅರ್ಧ ಕರಗಿ ಅಂಗಳ ಕೆಸರಾಗಿತ್ತು. ಬರ್ಲ್ ಬಾಗಿಲು ತೆರೆದು, ಇವನನ್ನು ಕಂಡು ಹುಬ್ಬೇರಿಸಿದ. ಮೂಗಿನ ಮೇಲೆ ಕನ್ನಡಕವಿತ್ತು.

"ಮೊನ್ನೆ ಎಲ್ಲಿಗಯ್ಯಾ ಓಡಿದೆ?" ಎಂದ. "ಕನ್ನಡಕ ತರಕ್ಕೆ ಅಂತ ಒಳಗೆ ಹೋದೆ. ಬಂದು ನೋಡಿದ್ರೆ ನಿನ್ನ ಟ್ರಕ್ಕು ತಿರುವಿನಲ್ಲಿದೆ. ಆ ಚಳೀಲಿ ಬಾಗಿಲು ತೆಗೆದಿಟ್ಕೊಂಡು, ಪೆನ್ನು ಕೈಲಿ ಹಿಡ್ಕೊಂಡು ಬೆಪ್ಪನ ಹಾಗೆ ನಿಂತಿದ್ದೆ."

"ನೀನು... ಬೈದೆಯಲ್ಲ, ಬರ್ಲ್."

"ಬೈದೆ. ಬೈಯ್ಯಬೇಕಿತ್ತು, ಬೈದೆ. ಸಹಿ ಹಾಕಲ್ಲ ಅಂದ್ನಾ? ಆರು ವರ್ಷದಿಂದ ಹೊಟ್ಟೇಲಿತ್ತು. ಹೇಳಿ ಮುಗೀತು. ಕೊಡು ಇಲ್ಲಿ, ಎಲ್ಲಿ ಹಾಕಬೇಕು?"

ಹೋಬರ್ಟ್ ಹಲಗೆ ಮುಂದೆ ಚಾಚಿದ. ಮೇಲಿನ ಖಾಲಿ ಹಾಳೆ ಗಾಳಿಗೆ ಮಗುಚಿತು. ತಾನೇ ಹೆಸರು ಬರೆದ ಕೆಳಗಿನ ಹಾಳೆಯನ್ನು ಟ್ರಕ್ಕಿನಲ್ಲಿ ಬಿಟ್ಟು ಬರುವಷ್ಟು ಬುದ್ಧಿಯೂ ಅವನಿಗೆ ಉಳಿದಿರಲಿಲ್ಲ. ಬರ್ಲ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ನಿಧಾನವಾಗಿ ಓದಿದ. ಬೆರಳು ಐದನೆಯ ಸಾಲಿನ ಮೇಲೆ ನಿಂತಿತು.

"ಇದು ನನ್ನ ಹೆಸರಲ್ವೇನಯ್ಯಾ?"

ದೂರದಲ್ಲಿ ಯಾರದೋ ಚಾವಣಿಯಿಂದ ಗಡ್ಡೆ ಜಾರಿ ಬಿತ್ತು.

ಬರ್ಲ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. "ನಾನು ಆಗಲೇ ಸಹಿ ಹಾಕಿದೀನಲ್ಲ," ಎಂದ. ಕೋಪವಿರಲಿಲ್ಲ, ಅದೇ ಕಷ್ಟ. "ನನ್ನ ಕೇಳೋ ಅಗತ್ಯವೇ ಬೀಳಲಿಲ್ಲ ನಿನಗೆ. ಹೋಗು." ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

ಆಮೇಲೆ ಹೋಬರ್ಟ್ ಯಾವ ಮನೆಯಲ್ಲೂ ಏನನ್ನೂ ಮುಚ್ಚಿಡಲಿಲ್ಲ. ನಿಮ್ಮ ಹೆಸರನ್ನು ನಾನೇ ಬರೆದಿದ್ದೆ, ತಪ್ಪಾಯಿತು, ಈಗ ಕೇಳಲು ಬಂದಿದ್ದೇನೆ ಎಂದ. ಪ್ರತಿ ಬಾಗಿಲಲ್ಲೂ ಅದೇ ಮಾತು. ಗಾರ್ನೆಟ್ ಲೇನ್ ತನ್ನ ಹೆಸರನ್ನು ನೋಡಿ, "ನನಗಿಂತ ಚೆನ್ನಾಗಿ ಬರೆದಿದೀರಲ್ರೀ!" ಎಂದು ಬಿದ್ದು ಬಿದ್ದು ನಕ್ಕು ಹೊಸ ಹಾಳೆಯಲ್ಲಿ ಸಹಿ ಮಾಡಿದಳು. ಶಾರ್ಪ್ ವಿಧವೆ ಪೊಲೀಸಿಗೆ ಹೇಳುತ್ತೇನೆಂದಳು. ಇನ್ನೊಬ್ಬ ನಾಯಿ ಬಿಟ್ಟ. ಕತ್ತಲಾಗುವ ಹೊತ್ತಿಗೆ ಆರು ಸಹಿ ಸಿಕ್ಕಿದ್ದವು.

ಹಲ್ಲಿನ ಷಾಪಿನಲ್ಲಿ ಕೇಕ್ ಕತ್ತರಿಸಿ ಇಟ್ಟಿದ್ದರು. ಮಾರ್ಲಾ ಹೊಸ ಹಾಳೆ ಕೈಗೆ ತೆಗೆದುಕೊಂಡು ಎಣಿಸಿದಳು, ತಿರುಗಿಸಿ ಹಿಂಬದಿ ನೋಡಿದಳು.

"ಉಳಿದಿದ್ದೆಲ್ಲಿ?"

"ಇಷ್ಟೇ," ಎಂದ ಹೋಬರ್ಟ್.

"ಇಷ್ಟೇ ಅಂದ್ರೆ? ಮೂವತ್ತೊಂದು ಜನ ನಿನ್ನೆ ಹಾಕಿದ್ರಲ್ಲ. ಇವತ್ತು ಇಪ್ಪತ್ತೈದು ಜನಕ್ಕೆ ಏನು ಬಂತು ರೋಗ?"

ಎಡ್ಸೆಲ್ ಎಂಬ ದಪ್ಪ ಮನುಷ್ಯ, ಒಂದು ಸಹಿಯನ್ನೂ ತಾರದೆ ಎರಡು ತುಂಡು ಕೇಕ್ ಮುಗಿಸಿದ್ದವನು, ಕುರ್ಚಿಯಿಂದೆದ್ದ. "ನಾನು ಹೇಳ್ತೀನಿ ಏನು ಬಂತು ಅಂತ. ಬರ್ಲ್ ಹ್ಯಾಮಂಡ್ಸ್ ಬಂದ. ಅವನು ಯಾವಾಗಲೂ ಆ ಕಡೆ ಪಾರ್ಟಿಯೋನು. ಕ್ರೀಕ್ ಉದ್ದಕ್ಕೂ ಫೋನು ಮಾಡಿ ಹೆದರಿಸಿರ್ತಾನೆ. ಹೋಬರ್ಟ್, ನೀವು ಹೋದಾಗ ಅವನು ಸಹಿ ಹಾಕಿದ್ನಾ ಇವತ್ತು?"

"ಇಲ್ಲ."

"ನೋಡಿದ್ರಾ! ನಿನ್ನೆ ಹಾಕ್ದೋನು ಇವತ್ತು ಇಲ್ಲ ಅಂತಾನೆ. ನಾನು ಇನ್ನು ಅವನ ಹತ್ರ ಗರಗಸ ಒಯ್ಯಲ್ಲ. ನಮ್ಮ ಭಾವಮೈದುನಂಗೂ ಹೇಳ್ತೀನಿ, ಗಿರಣಿಯೋರಿಗೂ ಹೇಳ್ತೀನಿ. ಊಟಕ್ಕಿಲ್ಲದೆ ಬೀಳ್ಲಿ."

"ಅವನೇನಾ, ಹೋಬರ್ಟ್?" ಎಂದಳು ಮಾರ್ಲಾ. ಅವಳ ದನಿ ಸಣ್ಣಗಾಗಿತ್ತು. ಎಲ್ಲರೂ ಇವನ ಕಡೆ ತಿರುಗಿದ್ದರು, ಅವತ್ತು ಚಪ್ಪಾಳೆ ತಟ್ಟಿದ ಅವರೇ.

ಸುಮ್ಮನಿದ್ದರೆ ಸಾಕಿತ್ತು. ತಲೆಯಾಡಿಸಲೂ ಬೇಕಿರಲಿಲ್ಲ. ಟ್ವಿಲಾ ಹೇಳುವುದಿಲ್ಲ ಎಂದಿದ್ದಳು. ಕೆಟಲ್ ಕ್ರೀಕಿನ ಮಾತು ಊರಿಗೆ ಬರುವ ಹೊತ್ತಿಗೆ ಹತ್ತು ತರ ಆಗಿರುತ್ತಿತ್ತು. ಅವನ ಮಾನ ಉಳಿಯುತ್ತಿತ್ತು. ಹೋಗುತ್ತಿದ್ದುದು ಬರ್ಲ್‌ನದು, ಚಳಿಯಲ್ಲಿ ಪೆನ್ನು ಹಿಡಿದು ನಿಂತಿದ್ದವನದು.

"ಬರ್ಲ್ ಏನೂ ಮಾಡಿಲ್ಲ," ಎಂದ ಹೋಬರ್ಟ್. "ನಿನ್ನೆ ಯಾರೂ ಸಹಿ ಹಾಕಲಿಲ್ಲ. ಮೂವತ್ತೊಂದನ್ನೂ ನಾನೇ ಬರೆದೆ, ನಮ್ಮನೆ ಅಡುಗೆಮನೇಲಿ ಕೂತು."

ಎಡ್ಸೆಲ್ ಮೂರನೆಯ ತುಂಡನ್ನು ತಟ್ಟೆಗೆ ವಾಪಸಿಟ್ಟ. ಮಾರ್ಲಾ ಮೇಜಿಗೆ ಒರಗಿ ನಿಂತಿದ್ದಳು. ಅವಳ ಮುಖವನ್ನು ನೋಡಲೇಬೇಕೆಂದು ಹೋಬರ್ಟ್ ನೋಡಿದ. ಆರು ತಿಂಗಳ ಸಂಜೆಗಳೆಲ್ಲ ಆ ಮುಖದಿಂದ ಇಳಿದು ಹೋಗುತ್ತಿದ್ದವು.

"ಯಾಕೆ?" ಎಂದಳು ಕೊನೆಗೆ.

"ಅಲ್ಲಿ ಒಬ್ಬರಿಗೆ ನನ್ನ ಗುರುತೇ ಸಿಗಲಿಲ್ಲ, ಗುರುತು ಸಿಕ್ಕೋರು ಬೈದ್ರು, ಮಾರ್ಲಾ. ಅದನ್ನ ನಿನಗೆ ಹೇಳಕ್ಕೆ ನಾಚಿಕೆಯಾಯ್ತು." ಹೇಳುತ್ತಿದ್ದಂತೆ ಅದು ಎಷ್ಟು ಸಣ್ಣ ಕಾರಣ ಎಂದು ಅವನಿಗೇ ಕಂಡಿತು.

ಮಾರ್ಲಾ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು. ಆರೂಕಾಲು. "ನೂರೆಂಬತ್ಮೂರು," ಎಂದಳು. "ದಿನಸಿ ಅಂಗಡಿ ಎಂಟರವರೆಗೆ ತೆಗೆದಿರುತ್ತೆ. ಎಲ್ಲರೂ ಕೋಟು ಹಾಕ್ಕೊಳ್ಳಿ." ಎಲ್ಲರೂ ಎದ್ದರು, ಎಡ್ಸೆಲ್ ಕೂಡ. ಹೋಬರ್ಟ್ ಸಹ ಎದ್ದು ತನ್ನ ಹಲಗೆಗೆ ಕೈ ಹಾಕಿದ. ಮಾರ್ಲಾ ಅದನ್ನು ಅವನ ಕೈಯಿಂದ ಮೆಲ್ಲನೆ ಬಿಡಿಸಿಕೊಂಡಳು.

"ನೀವು ಬೇಡ," ಎಂದಳು. "ಮೆಟ್ಟಿಲ ಹತ್ರ ಹುಷಾರು, ಜಾರುತ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಮನೆಗೆ ಹೋಗಿ ಡೆಲ್ಫಾಳ ಎದುರು ಕೂರುವ ಧೈರ್ಯವಾಗದೆ ಅವನೂ ಅಂಗಡಿಯ ಅಂಗಳಕ್ಕೇ ಹೋಗಿ, ದೂರದ ಮೂಲೆಯಲ್ಲಿ ಟ್ರಕ್ಕು ನಿಲ್ಲಿಸಿ ಒಳಗೇ ಕೂತ. ಬಾಗಿಲ ದೀಪದಡಿ ಅವರು ಒಬ್ಬೊಬ್ಬರನ್ನೂ ತಡೆದು ಕೇಳುತ್ತಿದ್ದರು. ಜನ ತಲೆ ತಗ್ಗಿಸಿ, ಚೀಲ ಎದೆಗವಚಿಕೊಂಡು ಹಾದು ಹೋಗುತ್ತಿದ್ದರು. ಆಗೊಬ್ಬ ಈಗೊಬ್ಬ ನಿಂತು ಕೈಗವಸು ತೆಗೆದು ಬರೆಯುತ್ತಿದ್ದ. ಹೋಬರ್ಟ್ ಎಣಿಸಿದ. ಮುಕ್ಕಾಲು ಗಂಟೆಯಲ್ಲಿ ಏಳು.

ಯಾರೋ ಕಿಟಕಿ ತಟ್ಟಿದರು. ಪಕ್ಕದ ಕಾರಿನವನು, ಗುರುತಿಲ್ಲದ ಮುಖ, ಕೈಯಲ್ಲಿ ಹಾಲಿನ ಡಬ್ಬಿ. ಹೋಬರ್ಟ್ ಗಾಜು ಇಳಿಸಿದ.

"ಅಣ್ಣ, ಅಲ್ಲಿ ಅದೇನೋ ಸಹಿ ಕೇಳ್ತಿದಾರೆ. ಯಾರೋ ಲಿಂಡ್‌ಕ್ವಿಸ್ಟಂತೆ. ನಾನು ಬೇಡ ಅಂತ ಬಂದುಬಿಟ್ಟೆ. ಹಾಕಬಹುದಾ? ಮೋಸಗೀಸ ಏನಿಲ್ಲ ತಾನೇ?"

"ಹಾಕಬಹುದು," ಎಂದ ಹೋಬರ್ಟ್. "ಅವರು ಒಳ್ಳೆ ಜನ."

"ನೀವೂ ಅವರ ಕಡೆಯೋರಾ?"

ದೀಪದ ಕೆಳಗೆ ಮಾರ್ಲಾ ಕೈಗಳನ್ನು ಬಾಯಿಯ ಹತ್ತಿರ ಹಿಡಿದು ಊದಿಕೊಳ್ಳುತ್ತಿದ್ದಳು.

"ಅಲ್ಲ," ಎಂದ.

"ಹಂಗಾದ್ರೆ ಸರಿ. ಅವರ ಕಡೆಯೋರು ಹೇಳಿದ್ರೆ ನಂಬಕ್ಕಾಗಲ್ಲ ನೋಡಿ, ಬೇರೆಯೋರು ಹೇಳಿದ್ರೆ ನಂಬಬಹುದು." ಆ ಮನುಷ್ಯ ಹಾಲಿನ ಡಬ್ಬಿಯನ್ನು ತನ್ನ ಕಾರಿನ ಮೇಲಿಟ್ಟು, ಅಂಗಡಿಯ ಬಾಗಿಲಿಗೆ ವಾಪಸು ನಡೆದು ಹೋಗಿ ಸಹಿ ಹಾಕಿದ.

ಎಂಟಕ್ಕೆ ದೀಪ ಆರಿತು. ಹೋಬರ್ಟನ ಎಣಿಕೆಯಲ್ಲಿ ನೂರ ತೊಂಬತ್ತನಾಲ್ಕಾಗಿತ್ತು, ಇನ್ನೂ ಆರು ಬೇಕಿತ್ತು, ಕಾರು ಹೊರಡುವುದು ನಾಲ್ಕಕ್ಕೆ.